ವಿಮಾನಕ್ಕೆ ಕಣ್ಣು ಬಂದದ್ದು

ಆ ಕಾಲಕ್ಕೆ ನಮ್ಮ ಬನಹಟ್ಟಿಯಲ್ಲಿ ಕರಿ ಚಾಳೀಸು, ಅಂದರೆ ಕಪ್ಪು ಕನ್ನಡಕ, ಹಾಕುವ ಅಧಿಕಾರ ಮೂರೇ ಥರದ ಜನಕ್ಕಿತ್ತು. ಕಣ್ಣಿನ ಪರೆ ತೆಗೆಸಿಕೊಂಡು ಬಂದ ಮುದುಕರಿಗೆ, ಮದುವೆಯ ಫೋಟೋಕ್ಕೆ ನಿಂತ ವರನಿಗೆ ಮತ್ತು ಕಣ್ಣು ಬಂದವರಿಗೆ. ಈ ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಣ್ಣು ಕೆಂಪಾಗಿ, ನೀರು ಸುರಿದು, ಬೆಳಿಗ್ಗೆ ಏಳುವಾಗ ರೆಪ್ಪೆಗೆ ರೆಪ್ಪೆ ಅಂಟಿಕೊಂಡಿರುವ ಬೇನೆಗೆ ನಮ್ಮ ಕಡೆ ‘ಕಣ್ಣ ಬಂದಾವ’ ಎನ್ನುತ್ತಾರೆ. ಹುಟ್ಟುವಾಗಲೇ ಬಂದ ಕಣ್ಣು ಮತ್ತೆ ಬರುವುದೆಂದರೇನು ಎಂದು ಯಾರೂ ಕೇಳುವುದಿಲ್ಲ. ಕಣ್ಣು ಬಂದವರನ್ನು ನೋಡಿದರೆ ನೋಡಿದವರಿಗೂ ಬರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಹೀಗಾಗಿ ಕರಿ ಚಾಳೀಸು ಎದುರಾದರೆ ಎಲ್ಲರೂ ನೆಲ ನೋಡುತ್ತ ನಡೆಯುತ್ತಿದ್ದರು. ವರನ ಮುಖ ನೋಡದೆಯೇ ಅಕ್ಷತೆ ಹಾಕಿ, ಊಟ ಮಾಡಿ ಬಂದ ಧೈರ್ಯಶಾಲಿಗಳೂ ನಮ್ಮಲ್ಲಿದ್ದರು.

ಇಂಥ ಊರಿನ ಮೇಲೆ ಕರಿ ಚಾಳೀಸು ಹಾಕಿದ ಯುದ್ಧವಿಮಾನವೊಂದು ಹಾಯ್ದು ಹೋಯಿತು. ಮುಂದೆ ಆದದ್ದರಲ್ಲಿ ವಿಮಾನದ ತಪ್ಪೇನೂ ಇಲ್ಲ. ತಪ್ಪೆಲ್ಲ ನಳದ ಧರೆಪ್ಪನದು.

ಧರೆಪ್ಪನ ಹಿರಿಯರೆಲ್ಲ ಬೀರೇಶ್ವರನ ಹೆಸರು ಹೇಳಿಕೊಂಡು ಕುರಿ ಕಾಯ್ದವರು. ಇವನು ಮಾತ್ರ ಪುರಸಭೆಯ ನೌಕರಿ ಹಿಡಿದು, ಮೊಳದುದ್ದದ ಕೀಲಿಕೈ ಹೆಗಲ ಮೇಲಿಟ್ಟುಕೊಂಡು ಓಣಿ ಓಣಿಗೆ ನಳ ಬಿಡುತ್ತಿದ್ದ. ನೀರು ಬಿಡುವವನಿಗೆ ಊರಿನಲ್ಲಿ ಒಂದು ಮರ್ಯಾದೆ ಇದ್ದೇ ಇರುತ್ತದೆ. ಅದು ಸಾಲದೆಂದು ಧರೆಪ್ಪ ಇನ್ನೊಂದನ್ನು ಕಟ್ಟಿಕೊಂಡಿದ್ದ. ಹೆಂಡತಿ ಮಾಯವ್ವನ ತಮ್ಮ ಬಸಗೊಂಡಪ್ಪ ವಾಯುಪಡೆಯಲ್ಲಿದ್ದ. ಅಲ್ಲಿ ಅವನು ಏನು ಮಾಡುತ್ತಾನೆ ಎಂದು ಕೇಳಿದರೆ ಧರೆಪ್ಪ ಆಕಾಶದ ಕಡೆ ಒಮ್ಮೆ ನೋಡಿ, “ಇಮಾನದಾಗ ಅದಾನ” ಎನ್ನುತ್ತಿದ್ದ. ಬಸಗೊಂಡಪ್ಪ ಇದ್ದದ್ದು ಅಡುಗೆಮನೆಯಲ್ಲಿ. ದಿನಾ ಚಪಾತಿ ಲಟ್ಟಿಸುತ್ತಿದ್ದ. ಧರೆಪ್ಪ ಸುಳ್ಳು ಹೇಳಿರಲಿಲ್ಲ, ಚಪಾತಿಯ ಸುದ್ದಿ ಎತ್ತಿರಲಿಲ್ಲ, ಅಷ್ಟೇ. ಹೀಗಾಗಿ ವಿಮಾನಕ್ಕೆ ಸಂಬಂಧಪಟ್ಟ ಯಾವ ಪ್ರಶ್ನೆ ಎದ್ದರೂ ಊರು ಅವನನ್ನೇ ಕೇಳುತ್ತಿತ್ತು, ಅವನೂ ಗೊತ್ತಿಲ್ಲವೆಂದು ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ.

ಮನೆಯಲ್ಲಿ ಅವನ ತಾಯಿ ಸಾತವ್ವ. ಒಂದು ಕಾಲಕ್ಕೆ ಹಿಂಡಿನಲ್ಲಿ ಯಾವ ಮರಿ ಯಾವ ಕುರಿಯದು ಎಂದು ದೂರದಿಂದಲೇ ಮುಖ ನೋಡಿ ಹೇಳುತ್ತಿದ್ದವಳು, ಈಗ ಮಗ ಬಾಯಿ ಬಿಟ್ಟ ಮೇಲೆ ಇವನು ಮಗನೆಂದು ತಿಳಿಯುತ್ತಿದ್ದಳು. ಎರಡೂ ಕಣ್ಣಿಗೆ ಪರೆ. ಎಡಗಣ್ಣಿನ ಕಥೆ ಮುಗಿದಿದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಲಗಣ್ಣಿಗೆ ಜಮಖಂಡಿಯಲ್ಲಿ ಬರುವ ರವಿವಾರ ನಡೆಯುವ ಶಿಬಿರದಲ್ಲಿ ಶಸ್ತ್ರಕ್ರಿಯೆ ಆದರೆ ಆಯಿತು, ಇನ್ನೂ ತಡ ಮಾಡಿದರೆ ಅದೂ ಕೈಬಿಟ್ಟ ಹಾಗೆ. ಆದರೆ ಮುದುಕಿಗೆ ಕಣ್ಣಿನಲ್ಲಿ ಚಾಕು ಎಂದರೆ ಮೈಯೆಲ್ಲ ನಡುಕ. ಬೇಸಿಗೆಯಿಡೀ ಹೇಳಿ ಹೇಳಿ, ಬೀರೇಶ್ವರನ ಮೇಲೆ ಆಣೆ ಇಟ್ಟು, ಧರೆಪ್ಪ ಅವಳನ್ನು ಒಪ್ಪಿಸಿದ್ದ. ಒಪ್ಪಿದ್ದು ಎಷ್ಟು ಗಟ್ಟಿ ಎನ್ನುವುದು ಅವನಿಗೂ ಗೊತ್ತಿರಲಿಲ್ಲ.

ವಿಮಾನ ಬಂದದ್ದು ಆ ವಾರದ ಮಂಗಳವಾರ ಬೆಳಿಗ್ಗೆ. ಧರೆಪ್ಪ ನಮ್ಮ ಓಣಿಗೆ ನಳ ಬಿಟ್ಟು ನಿಂತಿದ್ದ. ಹೆಂಗಸರು ಕೊಡ ಹಿಡಿದುಕೊಂಡು ಸರದಿಗೆ ಜಗಳಾಡುತ್ತಿದ್ದರು. ಒಮ್ಮಿಂದೊಮ್ಮೆಲೇ ಆಕಾಶ ಹರಿದಂಥ ಸದ್ದಾಯಿತು. ಮಗ್ಗಗಳ ಸದ್ದಿನಲ್ಲಿ ಹುಟ್ಟಿ ಬೆಳೆದ ಜನ ನಾವು, ಸದ್ದಿಗೆ ಸುಲಭಕ್ಕೆ ಅಂಜುವವರಲ್ಲ. ಅಂದು ಮಾತ್ರ ಕೊಡಗಳು ಕೈಜಾರಿದವು, ಎಮ್ಮೆಗಳು ಹಗ್ಗ ಹರಿದವು. ತಲೆಯೆತ್ತಿದರೆ ಗುಡಿಯ ಕಳಸ ತಾಗುವಷ್ಟು ಕೆಳಗೆ ಒಂದು ಯುದ್ಧವಿಮಾನ. ಬೂದು ಬಣ್ಣದ ಮೈ, ಮೇಲೆ ಪೈಲಟ್ ಕೂರುವ ಕಡೆ ಗಾಜಿನ ಮುಚ್ಚಳ, ಆ ಗಾಜು ಮಾತ್ರ ಕಪ್ಪಗೆ, ಬಿಸಿಲು ಬಿದ್ದಲ್ಲಿ ಬಂಗಾರದ ಹೊಳಪು. ಒಮ್ಮೆ ಹೋಗಿ, ತಿರುಗಿ ಮತ್ತೊಮ್ಮೆ ಬಂತು. ಹೀಗಾಗಿ ಊರಲ್ಲಿ ಕಣ್ಣಿದ್ದವರೆಲ್ಲ ಅದನ್ನು ಕಣ್ತುಂಬ ನೋಡಿದರು. ಕಟ್ಟೆಯ ಮೇಲೆ ಕೂತಿದ್ದ ಸಾತವ್ವ ಕಿವಿ ಮುಚ್ಚಿಕೊಂಡಿದ್ದಳು.

ಸದ್ದಡಗಿದ ಮೇಲೆ ಅನಸವ್ವ ಕೇಳಿದಳು. ಅನಸವ್ವ ಎಂದರೆ ಓಣಿಗೆ ಓಣಿಯೇ ಹೇಳಬೇಕಾದ ಮಾತನ್ನು ಒಬ್ಬಳೇ ಹೇಳಿ ಮುಗಿಸುವ ಹೆಂಗಸು. ಆ ವಿಮಾನದ ಗಾಜು ಯಾಕೆ ಕರಿ ಇದೆ ಎಂಬುದು ಅವಳ ಪ್ರಶ್ನೆ. ಧರೆಪ್ಪನಿಗೆ ಗೊತ್ತಿರಲಿಲ್ಲ. ಆದರೆ ಸುತ್ತ ಅಷ್ಟು ಜನ ನಿಂತಿದ್ದರು. ಅವನು ಕೀಲಿಕೈಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿ, ತಲೆಯಲ್ಲಿ ಮೊದಲು ಹೊಳೆದದ್ದನ್ನು ಹೇಳಿದ.

“ಪೈಲಟಗ ಮ್ಯಾಲಿನ ಬಿಸಲ ಕಣ್ಣಿಗೆ ಬರತೈತಿ. ಅದಕ್ಕ ಕರಿ ಕಾಜ ಹಾಕಿರತಾರ.”

ಇಷ್ಟೇ ಅವನ ಅಪರಾಧ. ಅನಸವ್ವ ಇದನ್ನು ಪಕ್ಕದ ಮನೆಯ ಮಗ್ಗದ ಖೋಲಿಯ ಬಾಗಿಲಲ್ಲಿ ನಿಂತು ಒಳಗಿನವರಿಗೆ ಹೇಳಿದಳು. ಬನಹಟ್ಟಿಯಲ್ಲಿ ಮಗ್ಗ ನಡೆಯುವಾಗ ಹೇಳಿದ ಮಾತಿನ ಅರ್ಧ ಮಾತ್ರ ಕಿವಿಗೆ ಮುಟ್ಟುತ್ತದೆ, ಉಳಿದರ್ಧವನ್ನು ಕೇಳುವವನೇ ಸೇರಿಸಿಕೊಳ್ಳಬೇಕು. ಮೊದಲನೆಯ ಖೋಲಿಯಲ್ಲಿ ಬಿಸಿಲೆಂಬ ಮಾತು ಉದುರಿಹೋಯಿತು. ಎರಡನೆಯ ಖೋಲಿಯಲ್ಲಿ ‘ಕಣ್ಣಿಗೆ ಬರತೈತಿ’ ಹೋಗಿ ‘ಕಣ್ಣ ಬಂದಾವ’ ಆಯಿತು. ಓಣಿಯ ಕೊನೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಪೂರ್ತಿ ಪಕ್ವವಾಗಿತ್ತು: ಪೈಲಟನಿಗೆ ಕಣ್ಣು ಬಂದಿವೆ, ಅದಕ್ಕೇ ಕರಿ ಚಾಳೀಸು, ಅವನನ್ನು ಊರೆಲ್ಲ ನೋಡಿದೆ.

ಆಗಲೂ ಇದೊಂದು ನಗುವ ಮಾತಾಗಿ ಸಾಯುತ್ತಿತ್ತೋ ಏನೋ. ಆದರೆ ಮರುದಿನ ಅನಸವ್ವ ಎದ್ದಾಗ ಅವಳ ಕಣ್ಣು ತೆರೆಯಲಿಲ್ಲ. ಬಿಸಿನೀರಿನಲ್ಲಿ ತೊಳೆದು ತೆರೆದರೆ ಎರಡೂ ಮೆಣಸಿನಕಾಯಿಯಷ್ಟು ಕೆಂಪು. ಅದು ಆ ಬೇನೆಯ ಹಂಗಾಮು, ಚಿಮ್ಮಡದ ಕಡೆ ಆಗಲೇ ಶುರುವಾಗಿತ್ತು ಎಂದು ಹೇಳಿದರೆ ಕೇಳುವವರು ಯಾರು? ಗುರುವಾರದ ಹೊತ್ತಿಗೆ ಮನೆಗೊಬ್ಬರಂತೆ ಅರಿಶಿಣದ ಬಟ್ಟೆ ಹಿಡಿದು ಕೂತರು. ಮಕ್ಕಳ ಸಾಲೆಗೆ ಸೂಟಿ ಕೊಟ್ಟರು. ಬಸ್ಸಿನಲ್ಲಿ ಜನ ಕಂಡಕ್ಟರನ ಕಡೆ ಬೆನ್ನು ಮಾಡಿ ಟಿಕೀಟು ತೆಗೆಸಿದರು. ಧರೆಪ್ಪ ನಳ ಬಿಟ್ಟರೆ ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು, ಕೊಡ ತುಂಬಿತೋ ಇಲ್ಲವೋ ಎಂದು ಸದ್ದಿನ ಮೇಲೆ ಅಂದಾಜು ಮಾಡತೊಡಗಿದರು. ರಬಕವಿಯ ಬೀಗರು ಈ ಕಡೆಗೆ ಬರುವುದಿಲ್ಲವೆಂದು ಹೇಳಿ ಕಳಿಸಿದರು.

ಧರೆಪ್ಪ ಮೊದಲ ದಿನ ನಕ್ಕ. ಎರಡನೆಯ ದಿನ ತಾನು ಹೇಳಿದ್ದು ಬಿಸಿಲಿನ ಮಾತೆಂದು ಒಬ್ಬಿಬ್ಬರಿಗೆ ತಿಳಿಸಿದ. ಇವನ ಹೆಂಡತಿಯ ತಮ್ಮ ವಿಮಾನದಲ್ಲಿದ್ದಾನೆ, ಸರಕಾರದವರು ಬಾಯಿ ಬಿಡಬೇಡ ಎಂದಿರಬೇಕು, ಈಗ ಮಾತು ಬದಲಿಸುತ್ತಿದ್ದಾನೆ ಎಂದು ಜನ ಪರಸ್ಪರ ಕಣ್ಣು ಮಿಟುಕಿಸುವಂತೆಯೂ ಇಲ್ಲದೆ ಮೊಣಕೈ ತಿವಿದುಕೊಂಡರು. ಆಮೇಲೆ ಅವನು ನಗುವುದನ್ನು ಬಿಟ್ಟ. ಯಾಕೆಂದರೆ ಮಾತು ಅಷ್ಟಕ್ಕೆ ನಿಲ್ಲದೆ, ಅವನ ಹೊಸ್ತಿಲು ದಾಟಿ ಸಾತವ್ವನ ಕಿವಿಗೆ ಹೋಗಿತ್ತು. ಹೋಗುವಾಗ ಇನ್ನೊಂದು ರೂಪ ತಾಳಿತ್ತು. ಆ ಪೈಲಟನೂ ಇಂಥದೇ ಶಿಬಿರದಲ್ಲಿ ಪರೆ ತೆಗೆಸಿದವನಂತೆ. ತೆಗೆಸಿದ ಮೇಲೆ ಕಣ್ಣು ಕೆಟ್ಟು, ದಾರಿ ತಪ್ಪಿ, ಗುಡಿಯ ಕಳಸಕ್ಕೆ ಬಡಿಯುವಷ್ಟು ಕೆಳಗೆ ಬಂದಿದ್ದನಂತೆ. ಕರಿ ಕಾಜು ಅದಕ್ಕೇ ಅಂತೆ.

ಸಾತವ್ವ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಸೊಸೆ ಅಂಬಲಿ ತಂದರೆ ಅಲ್ಲೇ ಇಟ್ಟು ಹೋಗು ಎಂದಳು, ಯಾರನ್ನೂ ಹತ್ತಿರ ಬಿಡಲಿಲ್ಲ. ಧರೆಪ್ಪ ಬಾಗಿಲಲ್ಲಿ ಕೂತು ಬೇಡಿಕೊಂಡ.

“ನಾ ಒಲ್ಲೆ ಧರ್ಯಾ,” ಎಂದಳು ಕಂಬಳಿಯೊಳಗಿಂದ. “ಕತ್ತಲಿ ನಂಗ ರೂಢಿ ಆಗೇತಿ. ಚಾಕು ರೂಢಿ ಆಗೂದಿಲ್ಲ.”

ಅವಳೊಬ್ಬಳೇ ಅಲ್ಲ. ಶಿಬಿರಕ್ಕೆ ಹೆಸರು ಹಚ್ಚಿದ ಸುತ್ತಲಿನ ಮುದುಕರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಜಮಖಂಡಿಯಲ್ಲಿ ಆರೋಗ್ಯ ಖಾತೆಯ ಸಾಹೇಬರು ಮಂಚ, ಹಾಸಿಗೆ, ಡಾಕ್ಟರು ಎಲ್ಲ ಸಿದ್ಧ ಮಾಡಿಕೊಂಡು ಕೂತಿದ್ದರೆ ಕಣ್ಣುಗಳೇ ಬರಲು ಒಲ್ಲೆವೆನ್ನುತ್ತಿದ್ದವು. ಈ ಸುದ್ದಿ ಹುಟ್ಟಿಸಿದವನು ಯಾರೋ ಅವನನ್ನು ಕರೆತರಲು ಸಾಹೇಬರು ಹೇಳಿ ಕಳಿಸಿದರು. ಆ ಕೆಲಸ ಹವಾಲ್ದಾರ ಯಮನಪ್ಪನ ಪಾಲಿಗೆ ಬಂತು.

ಆ ಹೆಸರಿನ ಮನುಷ್ಯ ಖಾಕಿ ತೊಟ್ಟು ಮನೆ ಹುಡುಕಿಕೊಂಡು ಬಂದರೆ ಎಂಥವನ ಎದೆಯೂ ಝಲ್ಲೆನ್ನುತ್ತದೆ. ಧರೆಪ್ಪನದು ಮೊದಲೇ ಗಟ್ಟಿ ಎದೆಯಲ್ಲ. ಯುದ್ಧವಿಮಾನದ ಗಾಜು ಎಂದರೆ ಮಿಲಿಟರಿಯ ಗುಟ್ಟು, ಅದನ್ನು ನಳದ ಮುಂದೆ ಬಿಚ್ಚಿದವನಿಗೆ ಹಿಂಡಲಗಿ ಜೈಲೇ ಗತಿ ಎಂದು ಅವನಿಗೆ ಯಾರೋ ಹಿತೈಷಿಗಳು ಆಗಲೇ ಹೇಳಿದ್ದರು. ಶನಿವಾರ ಮಧ್ಯಾಹ್ನ ಓಣಿಯ ತುದಿಯಲ್ಲಿ ಖಾಕಿ ಟೊಪ್ಪಿಗೆ ಕಂಡದ್ದೇ ತಡ, ಅವನು ಹಿತ್ತಲ ಬಾಗಿಲಿನಿಂದ ಓಡಿ ಶಿದ್ರಾಮಪ್ಪನ ಮನೆ ಹೊಕ್ಕ.

ಓಣಿಯಲ್ಲಿ ಕೈಮಗ್ಗ ಉಳಿಸಿಕೊಂಡಿದ್ದವನು ಶಿದ್ರಾಮಪ್ಪ ಒಬ್ಬನೇ. ನೇಯುವವನು ಕಾಲು ಇಳಿಬಿಟ್ಟು ಕೂರಲು ಆ ಮಗ್ಗದ ಕೆಳಗೆ ಒಂದು ಕುಣಿ ಇರುತ್ತದೆ. ಧರೆಪ್ಪ ಏನೊಂದೂ ಹೇಳದೆ ಆ ಕುಣಿಗಿಳಿದು, ಶಿದ್ರಾಮಪ್ಪನ ಕಾಲುಗಳ ನಡುವೆ ಮುದುಡಿ ಕೂತ. ಶಿದ್ರಾಮಪ್ಪ ಒಳ್ಳೆಯವನು, ಕೇಳಲಿಲ್ಲ, ನೇಯುವುದನ್ನೂ ನಿಲ್ಲಿಸಲಿಲ್ಲ. ಒಂದು ತುಳಿತ ಮಗ್ಗದ ಮೆಟ್ಟಿಗೆ, ಒಂದು ತುಳಿತ ಧರೆಪ್ಪನ ತಲೆಗೆ, ಹೀಗೆ ಸೀರೆ ಮುಂದುವರಿಯಿತು.

ಯಮನಪ್ಪ ಹುಡುಕುತ್ತ ಅಲ್ಲಿಗೇ ಬಂದ. ಬಿಸಿಲಿನಲ್ಲಿ ನಡೆದು ದಣಿದಿದ್ದ, ಮಗ್ಗದ ಅಂಚಿಗೇ ಕೂತು ನೀರು ಕೇಳಿದ, ಆಮೇಲೆ ಚಹಾ ಬಂತು. ಅವನು ಸಾವಕಾಶ ಚಹಾ ಕುಡಿಯುತ್ತ, ನಳದ ಧರೆಪ್ಪನನ್ನು ನಾಳೆ ಜಮಖಂಡಿಗೆ ಒಯ್ಯಲೇಬೇಕೆಂದು ಸಾಹೇಬರ ಹುಕುಮ್ ಆಗಿದೆ ಎಂದ. ಮುದುಕರೆಲ್ಲ ಇವನ ಮಾತು ಕೇಳಿಯೇ ಹೆದರಿದ್ದಾರೆ, ಇವನೇ ಬಂದು ಎಲ್ಲರೆದುರಿಗೆ ಒಂದು ಮಾತು ಹೇಳಲಿ ಎಂದೂ ಅಂದ. ಈ ಎರಡನೆಯ ಮಾತು ಮಗ್ಗದ ಸದ್ದಿನಲ್ಲಿ ಕುಣಿಗೆ ಇಳಿಯಲಿಲ್ಲ. ಒಯ್ಯಬೇಕು ಮತ್ತು ಹುಕುಮ್ ಎಂಬಷ್ಟು ಮಾತ್ರ ಇಳಿಯಿತು. ಧರೆಪ್ಪನ ಕಣ್ಣಿನಲ್ಲಿ ನೀರು ಬಂತು. ಅದು ಹೆದರಿಕೆಯದೆಂದು ಅವನು ಮೊದಲು ತಿಳಿದ. ಒರೆಸಿದಷ್ಟೂ ಬರತೊಡಗಿದಾಗ, ಕಣ್ಣಿನೊಳಗೆ ಮರಳು ಹೊಕ್ಕಂತೆ ಚುಚ್ಚತೊಡಗಿದಾಗ, ಅವನಿಗೆ ತನ್ನ ಸರದಿ ಬಂದದ್ದು ಗೊತ್ತಾಯಿತು. ತಡೆಯಲಾರದೆ ನರಳಿದ. ಯಮನಪ್ಪ ಬಗ್ಗಿ ನೋಡಿದರೆ ಕುಣಿಯ ಕತ್ತಲಿನಿಂದ ಎರಡು ಕೆಂಪು ಕಣ್ಣು ಅವನನ್ನೇ ನೋಡುತ್ತಿದ್ದವು. ಹವಾಲ್ದಾರ ಚಹಾದ ಬಸಿಯ ಸಮೇತ ಬಾಗಿಲಿಗೆ ಹಾರಿದ. ನಾಳೆ ಮೊದಲ ಬಸ್ಸಿಗೆ ನಿಲ್ದಾಣಕ್ಕೆ ಬಂದುಬಿಡಬೇಕು, ತನ್ನಿಂದ ದೂರ ನಿಲ್ಲಬೇಕು ಎಂದು ಹೊರಗಿನಿಂದಲೇ ಕೂಗಿ ಹೇಳಿ ಹೋದ.

ಮನೆಯಲ್ಲಿ ಮಾಯವ್ವ ಅತ್ತಳು. ಅವಳು ಅತ್ತದ್ದು ಕೇಳಿ ಸಾತವ್ವ ಏನಾಯಿತೆಂದು ಕೇಳಿದಳು. ಧರೆಪ್ಪನನ್ನು ಪೋಲೀಸರು ಜಮಖಂಡಿಗೆ ಒಯ್ಯುತ್ತಾರೆ ಎಂದರು. ರವಿವಾರ ಬೆಳಿಗ್ಗೆ ಧರೆಪ್ಪ ಹೊರಡಲು ಬಾಗಿಲಿಗೆ ಬಂದಾಗ ಅವಳು ಸೀರೆ ಉಟ್ಟುಕೊಂಡು, ಹಣೆಗೆ ಬೀರೇಶ್ವರನ ಭಂಡಾರದ ಅರಿಶಿಣ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಎಲ್ಲಿಗೆ ಎಂದು ಕೇಳಿದರೆ ಸದ್ದು ಹಿಡಿದು ಬಂದು ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಳು. ಜಮಖಂಡಿ ಮುಟ್ಟಿದ ಮೇಲೂ ಆ ಮುಷ್ಟಿ ಬಿಡಲಿಲ್ಲ.

ಶಿಬಿರ ಇದ್ದದ್ದು ಒಂದು ಸಾಲೆಯಲ್ಲಿ. ಅಂಗಳ ತುಂಬ ಜನ. ಮುದುಕರನ್ನು ಮಕ್ಕಳು, ಮೊಮ್ಮಕ್ಕಳು ಕರೆತಂದಿದ್ದರು. ಕಣ್ಣು ಮುಟ್ಟಲು ಬಿಡುವುದಿಲ್ಲ, ವಿಮಾನದ ಧರೆಪ್ಪ ಏನು ಹೇಳುತ್ತಾನೋ ಅಷ್ಟು ಕೇಳಿಕೊಂಡು ವಾಪಸ್ಸು ಎಂಬ ಕರಾರಿನ ಮೇಲೆ ಅವರು ಬಂದಿದ್ದರು. ಗಲಗಲಿಯಿಂದ, ಮುಧೋಳದ ಕಡೆಯಿಂದಲೂ ಬಂದಿದ್ದರು. ಅನಸವ್ವ ಮುಂದಿನ ಸಾಲಿನಲ್ಲೇ ಇದ್ದಳು. ಸಾಹೇಬರು ಧರೆಪ್ಪನ ಕೈಗೆ ಮೈಕು ಕೊಟ್ಟರು. ಪಕ್ಕದಲ್ಲಿ, ಸಾಕಷ್ಟು ದೂರ ಬಿಟ್ಟು, ಯಮನಪ್ಪ ನಿಂತಿದ್ದ.

ಧರೆಪ್ಪ ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿ ಒಂದು ಉಪಾಯ ಹೊಳೆಸಿಕೊಂಡಿದ್ದ. ತಾನು ಹೇಳಿದ್ದು ಸುಳ್ಳೆಂದರೆ ಗುಟ್ಟು ಬಯಲು ಮಾಡಿದ ಅಪರಾಧವೇ ಉಳಿಯುವುದಿಲ್ಲ. ಅವನು ಮೈಕು ಹಿಡಿದು, ತನ್ನ ಹೆಂಡತಿಯ ತಮ್ಮ ಪೈಲಟನಲ್ಲ, ಚಪಾತಿ ಮಾಡುವವನು ಎಂದು ಹೇಳಿದ. ವಿಮಾನದ ಗಾಜು ಯಾಕೆ ಕಪ್ಪು ಎಂಬುದು ತನಗೆ ಗೊತ್ತೇ ಇಲ್ಲ, ಬಿಸಿಲಿಗೆ ಎಂದು ಹೇಳಿದ್ದು ಶುದ್ಧ ಸುಳ್ಳು, ಪೈಲಟನಿಗೆ ಕಣ್ಣು ಬಂದಿಲ್ಲ, ಪರೆಯೂ ಇಲ್ಲ ಎಂದ. ಇಷ್ಟು ವರ್ಷ ಗಳಿಸಿದ ಮರ್ಯಾದೆಯನ್ನು ಒಂದೇ ಉಸಿರಿಗೆ ಹೀಗೆ ಕಳೆದುಕೊಂಡು ಅವನು ಹಣೆ ಒರೆಸಿಕೊಂಡ. ಜನ ಗುಸುಗುಸು ಮಾತಾಡಿದರು. ಅವರ ಮುಖದಲ್ಲಿ ನಂಬಿಕೆ ಬರತೊಡಗಿತ್ತು.

ಅಷ್ಟರಲ್ಲಿ ಕಣ್ಣಿನ ಡಾಕ್ಟರು ಎದ್ದರು. ಒಳ್ಳೆಯ ಮನುಷ್ಯ, ಓದಿಕೊಂಡವರು, ಬಡವನೊಬ್ಬ ಸುಮ್ಮನೆ ಅವಮಾನ ಮಾಡಿಕೊಳ್ಳುವುದನ್ನು ನೋಡಲಾರದೆ ಮೈಕು ತೆಗೆದುಕೊಂಡರು.

“ಇವರು ಸುಳ್ಳು ಹೇಳಿಲ್ಲ, ಖರೇನ ಹೇಳ್ಯಾರ,” ಎಂದರು. “ಮೋಡದ ಮ್ಯಾಲ ಹೋದ್ರ ನೆರಳು ಅನ್ನೂದ ಇರೂದಿಲ್ಲ. ಬಿಸಲು ಕಣ್ಣು ಕುಕ್ಕತೈತಿ, ಅದಕ್ಕ ಗಾಜಿಗೆ ಬಣ್ಣ. ಕೆಲವು ವಿಮಾನಕ್ಕ ತೆಳ್ಳಗ ಬಂಗಾರದಂಥಾ ಲೇಪ ಇರತೈತಂತ, ವೈರಿಗಳ ರಡಾರಿಗೆ ಲಗೂನ ಸಿಗಬಾರದಂತ. ಆಪರೇಷನ್ ಆದವರಿಗೆ ನಾವು ಕರಿ ಚಾಳೀಸು ಕೊಡೂದೂ ಬಿಸಲಿನ ಸಲುವಾಗೇ.”

ಧರೆಪ್ಪ ಸಿಕ್ಕಿಬಿದ್ದಿದ್ದ. ಯಾವ ಮಾತನ್ನು ಸುಳ್ಳೆಂದು ಹೇಳಿ ಪಾರಾಗಬೇಕೆಂದಿದ್ದನೋ ಅದು ಖರೆ ಎಂದು ಹವಾಲ್ದಾರನ ಎದುರಿಗೇ ಮೈಕಿನಲ್ಲಿ ಸಾಬೀತಾಗಿತ್ತು. ಮೇಲಾಗಿ ವೈರಿ, ರಡಾರು ಎಂಬ ಮಾತುಗಳೂ ಬಂದಿದ್ದವು. ಅವನು ಯಮನಪ್ಪನ ಕಡೆ ತಿರುಗಿ ಎರಡೂ ಕೈ ಮುಂದೆ ಚಾಚಿದ, ಬೇಡಿ ಹಾಕಿಸಿಕೊಳ್ಳಲು. ಕಣ್ಣು ಬಂದವನು ಕೈ ಚಾಚಿ ಬರುವುದನ್ನು ಕಂಡು ಯಮನಪ್ಪ ಹಿಂದೆ ಹಿಂದೆ ಸರಿದ. ಇವನು ಮುಂದೆ ಮುಂದೆ ಹೋದ. ಜನರಿಗೆ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ.

ಸಾತವ್ವನಿಗೆ ಕಾಣಲಿಲ್ಲ, ಆದರೆ ಮಗನ ಅಂಗಿ ಮುಷ್ಟಿಯಲ್ಲೇ ಇತ್ತು, ಅದು ನಡುಗುವುದು ತಿಳಿಯಿತು. ಅವಳು ಬೂಟಿನ ಸಪ್ಪಳ ಇದ್ದ ಕಡೆ ಮುಖ ಮಾಡಿದಳು.

“ಯಮನಪ್ಪನವ್ರ,” ಎಂದಳು. “ಇಂವಾ ಸಣ್ಣಾಂವ ಇದ್ದಾಗಿಂದ ಹಿಂಗ. ಬಾಯಿ ಅಷ್ಟ ದೊಡ್ಡದೈತಿ, ಎದಿ ಇಲ್ಲ. ಜೇಲಿನಾಗ ಇವನ ಕಡಿಂದ ಇರಾಕ ಆಗೂದಿಲ್ರಿ. ಈ ಸಾಹೇಬರಿಗೆ ಒಂದ ಕಣ್ಣ ಬೇಕಂತಲ್ಲ, ನಂದ ಕೊಯ್ಕೊಳ್ಳಿ. ಇವನ್ನ ಬಿಟ್ಟಬಿಡ್ರಿ.”

ಯಮನಪ್ಪ ತನ್ನ ನೌಕರಿಯಲ್ಲಿ ಕೋಳಿ, ತುಪ್ಪ, ಮಾವಿನ ಹಣ್ಣು ಎಲ್ಲ ಕಂಡಿದ್ದ. ಆರೋಪಿಯನ್ನು ಬಿಡಿಸಿಕೊಳ್ಳಲು ಕಣ್ಣು ಕೊಡುತ್ತೇನೆಂದವರು ಇವಳೇ ಮೊದಲು. ಇದರಲ್ಲಿ ಆರೋಪಿ ಯಾರು, ಆರೋಪ ಯಾವುದು ಎಂದು ಅವನಿಗೇ ಗೊತ್ತಿರಲಿಲ್ಲ. ಅವನು ಡಾಕ್ಟರ ಮುಖ ನೋಡಿದ. ಡಾಕ್ಟರು ಮೆಲ್ಲಗೆ ತಲೆ ಆಡಿಸಿದರು.

“ಬಿಟ್ಟೇವ ತಗೊಳವ್ವಾ,” ಎಂದ.

ಆಗ ಅವಳು ಮುಷ್ಟಿ ಬಿಚ್ಚಿದಳು. ನರ್ಸ್ ಬಂದು ಕೈ ಹಿಡಿದಾಗ ಅವಳ ಮೈಯೆಲ್ಲ ನಡುಗುತ್ತಿತ್ತು, ಆದರೂ ಹೆಜ್ಜೆ ಹಿಂದಿಡಲಿಲ್ಲ. ಅವಳು ಹೋದದ್ದು ನೋಡಿ ಉಳಿದ ಮುದುಕರೂ ನಾಚಿ ಎದ್ದು ಸಾಲು ಹಚ್ಚಿದರು. ಡಾಕ್ಟರು ಒಬ್ಬೊಬ್ಬರದೇ ರೆಪ್ಪೆ ಬಿಡಿಸಿ ನೋಡಿದರು. ಎಲ್ಲರವೂ ಕೆಂಪು. ಕಣ್ಣು ಬಂದಾಗ ಚಾಕು ಹಚ್ಚುವ ಹಾಗಿಲ್ಲ, ವಾಸಿಯಾದ ಮೇಲೆ ಬರಬೇಕು ಎಂದು ಎಲ್ಲರನ್ನೂ ಕಳಿಸಿದರು. ಇಷ್ಟು ಜನರಲ್ಲಿ ಕಣ್ಣು ಬಾರದವಳು ಸಾತವ್ವ ಒಬ್ಬಳೇ. ಮೂರು ದಿನ ಕಂಬಳಿಯೊಳಗಿದ್ದುದರಿಂದ ಎಂದು ಡಾಕ್ಟರು ಹೇಳಿದರು. ಆಕಿ ಒಬ್ಬಾಕಿ ಇಮಾನ ನೋಡಿರಲಿಲ್ಲ, ಅದಕ್ಕ, ಎಂದು ಅನಸವ್ವ ಹೇಳಿದಳು. ಜನ ಅನಸವ್ವನ ಮಾತನ್ನೇ ನಂಬಿ ಊರಿಗೆ ಹೋದರು.

ಧರೆಪ್ಪ ಮಾತ್ರ ಹೋಗಲಿಲ್ಲ. ಸಾತವ್ವನ ಶಸ್ತ್ರಕ್ರಿಯೆ ಮುಗಿಸಿ ಹೊರಬಂದ ಡಾಕ್ಟರು ಈಗ ಹತ್ತಿರದಿಂದ ಅವನ ಕಣ್ಣು ನೋಡಿದ್ದೇ ಸಿಟ್ಟಾದರು. ಒಳಗೆ ಕಾಲಿಡಕೂಡದು ಎಂದರು. ಈ ಬೇನೆ ನೋಡಿದರೆ ಬರುವುದಲ್ಲ, ಮುಟ್ಟಿದರೆ ಬರುವುದು, ಈಗ ಅದು ತಾಯಿಯ ಆ ಒಂದು ಕಣ್ಣಿಗೆ ತಾಗಿದರೆ ಮಾಡಿದ್ದೆಲ್ಲ ಹೋಯಿತು ಎಂದರು. ಧರೆಪ್ಪ ಬೇವಿನ ಮರದ ಕೆಳಗೆ ಕೂತು ತನ್ನ ಅಂಗಿಯ ತೋಳನ್ನು ನೋಡಿಕೊಂಡ. ಹಿಂದಿನ ದಿನ ಕುಣಿಯಲ್ಲಿ ಕೂತು ಕಣ್ಣು ಒರೆಸಿದ್ದು ಅದೇ ತೋಳಿನಿಂದ. ಬನಹಟ್ಟಿಯಿಂದ ಜಮಖಂಡಿಯವರೆಗೆ ಅವಳು ಹಿಡಿದು ಬಂದದ್ದೂ ಅದನ್ನೇ.

ಇಷ್ಟು ಹೊತ್ತು ಅವನು ಅಂಜಿದ್ದೆಲ್ಲ ಅಂಜಿಕೆಯೇ ಅಲ್ಲ ಎಂದು ಅವನಿಗೆ ಆಗ ಅನ್ನಿಸಿತು. ಪೋಲೀಸು, ಜೈಲು ಎಲ್ಲ ಮರೆತುಹೋಯಿತು. ಆ ಅಂಗಿಯನ್ನು ಕಳಚಿ ಒಗೆದ, ಒಣಗಿಸಿದ, ಮತ್ತೆ ಒಗೆದ. ಮಾಯವ್ವ ರೊಟ್ಟಿ ಕಳಿಸಿದರೆ ಅರ್ಧ ತಿಂದು ಬಿಟ್ಟ. ನರ್ಸ್ ಹೊರಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ, ಕೇಳಲು ಬಾಯಿ ಬರದೆ ಕೂತುಬಿಡುತ್ತಿದ್ದ. ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಕೊಡುತ್ತಿದ್ದ ಮನುಷ್ಯ, ಅವನ ಬಾಯಿಂದ ಆ ದಿನಗಳಲ್ಲಿ ಒಂದು ಮಾತು ಹೊರಡಲಿಲ್ಲ.

ಪಟ್ಟಿ ಬಿಚ್ಚುವ ದಿನ ಬೆಳಿಗ್ಗೆ ಸಾತವ್ವನನ್ನು ಸಾಲೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಧರೆಪ್ಪನನ್ನು ಅಂಗಳದ ಆಚೆ, ಗೇಟಿನ ಹತ್ತಿರ ನಿಲ್ಲಿಸಿದರು. ಅವನು ಗಡಿಬಿಡಿಯಲ್ಲಿ ಒದ್ದೆ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ. ಡಾಕ್ಟರು ಪಟ್ಟಿ ಬಿಚ್ಚಿ, ಹತ್ತಿ ತೆಗೆದು, ಬಗ್ಗಿ ನೋಡಿದರು. ಧರೆಪ್ಪ ಗೇಟಿನ ಸರಳು ಹಿಡಿದುಕೊಂಡ. ಡಾಕ್ಟರು ದಪ್ಪ ಕಾಜಿನ ಒಂದು ಚಾಳೀಸನ್ನು ಅವಳ ಮೂಗಿನ ಮೇಲಿಟ್ಟು, ಮುಂದೆ ಎರಡು ಬೆರಳು ಹಿಡಿದು, ಎಷ್ಟು ಎಂದು ಕೇಳಿದರು.

ಸಾತವ್ವ ಬೆರಳಿನ ಗೊಡವೆಗೇ ಹೋಗಲಿಲ್ಲ. ಡಾಕ್ಟರ ಕೈಯನ್ನು ಪಕ್ಕಕ್ಕೆ ಸರಿಸಿ, ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನ ನೋಡಿದಳು. ಬೇವಿನ ಮರ, ನಲ್ಲಿ, ಮರಕ್ಕೆ ಕಟ್ಟಿದ ಆಡು, ಆಮೇಲೆ ಗೇಟು. ಅಲ್ಲಿಗೆ ಬಂದು ನೋಟ ನಿಂತಿತು. ಧರೆಪ್ಪ ತಡೆಯಲಾರದೆ ಒಂದು ಹೆಜ್ಜೆ ಒಳಗಿಟ್ಟ.

“ಅಲ್ಲೇ ನಿಂದ್ರು ಧರ್ಯಾ, ಹತ್ತರ ಬರಬ್ಯಾಡ,” ಎಂದಳು ಸಾತವ್ವ. “ಅಂಗಿ ಗುಂಡಿ ತಪ್ಪಿಸಿ ಹಾಕೀದಿ, ನೆಟ್ಟಗ ಹಾಕ್ಕೊ.”

ಧರೆಪ್ಪ ಬಗ್ಗಿ ಎದೆಯ ಕಡೆ ನೋಡಿಕೊಂಡ. ಕಣ್ಣಿನಲ್ಲಿ ನೀರು ತುಂಬಿ ಅವನಿಗೆ ಗುಂಡಿ ಕಾಣಲಿಲ್ಲ.